ಗುಂಡನ ತೂಕ

ನಾನು ತಪ್ಪೇ ಮಾಡುವುದಿಲ್ಲ ಎಂದು ಹೇಳಿಕೊಳ್ಳುವಷ್ಟು ಅಹಂಕಾರ ನನಗಿಲ್ಲ. ಮಾಡುತ್ತೇನೆ. ಆದರೆ ಮಾಡುವಾಗ ಬಹಳ ಧೈರ್ಯವಾಗಿ ಮಾಡುತ್ತೇನೆ. ತಲೆ ಕೆರೆದುಕೊಳ್ಳುತ್ತ, 'ಹೀಗಿರಬಹುದೇನೋ, ಹಾಗಿರಬಹುದೇನೋ' ಎಂದು ರಾಗ ಎಳೆಯುತ್ತ ಕೊನೆಗೆ ಸರಿಯಾದ ಕೆಲಸವನ್ನೇ ಮಾಡುವ ಜನರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತದೆ. ಇದು ಉದ್ಯೋಗದಿಂದ ಅಂಟಿಕೊಂಡ ಗುಣವೂ ಇರಬಹುದು. ನಾನು ಭದ್ರಾವತಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಗುಮಾಸ್ತ. ಯಾವ ಕೆಲಸಗಾರ ಎಷ್ಟು ಹೊತ್ತಿಗೆ ಒಳಗೆ ಬಂದ, ಎಷ್ಟು ಹೊತ್ತಿಗೆ ಹೊರಗೆ ಹೋದ ಎಂಬುದು ಅವನವನ ಕಾರ್ಡಿನ ಮೇಲೆ ಅಚ್ಚಾಗಿರುತ್ತದೆ. "ಸ್ವಾಮಿ, ಸೈರನ್ ಕೂಗೋ ಮೊದಲೇ ನಾನು ಗೇಟಲ್ಲಿದ್ದೆ, ನೀವೇ ನನ್ನ ನೋಡಿ ನಕ್ಕಿದ್ರಿ" ಎಂದು ಮನುಷ್ಯ ಎದುರು ನಿಂತು ಗೋಗರೆದರೂ ನಾನು ಅವನ ಮುಖ ನೋಡುವುದಿಲ್ಲ, ಕಾರ್ಡು ನೋಡುತ್ತೇನೆ. ಅಚ್ಚಾದ ಅಂಕಿ ಸುಳ್ಳು ಹೇಳುವುದಿಲ್ಲ ಎಂದು ಹದಿನಾಲ್ಕು ವರ್ಷ ನಂಬಿಕೊಂಡು ಬಂದಿದ್ದೆ. ಆ ನಂಬಿಕೆಯನ್ನು ಕೆಡಿಸಿದ್ದು ಒಂದು ನಾಯಿಮರಿ.

ಇದು ಪೌಂಡು, ಆಣೆಗಳೆಲ್ಲ ಇನ್ನೂ ಬಳಕೆಯಲ್ಲಿದ್ದ ಕಾಲದ ಮಾತು. ಶಿವಮೊಗ್ಗದ ಕೋಟೆಯಲ್ಲಿ ನನ್ನ ಷಡ್ಡಕ ರುದ್ರಪ್ಪನವರ ಬೆಲ್ಲದ ಅಂಗಡಿಯಿದೆ. ಮುಂದೆ ಅಂಗಡಿ, ಹಿಂದೆ ಮನೆ. ಅವರ ನಾಯಿ ನಾಲ್ಕು ಮರಿ ಹಾಕಿ, ಅವು ಸರಿಯಾಗಿ ಕಣ್ಣು ಬಿಟ್ಟು ಓಡಾಡುವ ಮೊದಲೇ ತೀರಿಕೊಂಡಿತು. ದುಂಡಗಿದ್ದ ಮೂರು ಮರಿಗಳನ್ನು ಮೂರು ಜನ ಎತ್ತಿಕೊಂಡು ಹೋದರು. ನಾಲ್ಕನೆಯದು ಮಾತ್ರ ಬೆಲ್ಲದ ಗೋಣಿಗಳ ಸಂದಿಯಲ್ಲಿ ನಡುಗುತ್ತ ಕೂತಿತ್ತು. ಚರ್ಮ, ಮೂಳೆ, ಎರಡು ಕಿವಿ, ಇಷ್ಟೇ. ನನ್ನ ಹೆಂಡತಿ ಗೌರಿ ಅದನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡದ್ದೇ ತಡ, ಕೆಳಗಿಳಿಸಲೇ ಇಲ್ಲ. ನಮ್ಮ ಕ್ವಾರ್ಟರ್ಸಿನಲ್ಲಿ ಆಗ ನಾವಿಬ್ಬರೇ. ನಾನು ಡ್ಯೂಟಿಗೆ ಹೋದರೆ ಅವಳಿಗೆ ಮಾತಿಗೆ ಸಿಗುತ್ತಿದ್ದದ್ದು ನಾಲ್ಕು ಗೋಡೆ. "ಇದನ್ನ ನಾನು ಬದುಕಿಸ್ತೀನಿ ಕಣ್ರೀ" ಎಂದಳು. "ನೀನೇನು, ನಾನು ಬದುಕಿಸ್ತೀನಿ ನೋಡ್ತಿರು" ಎಂದೆ ನಾನು. ಹೊರಡುವಾಗ ರುದ್ರಪ್ಪನವರು ತಮಾಷೆಗೆ ಮರಿಯನ್ನು ತಕ್ಕಡಿಯಲ್ಲಿಟ್ಟು ತೂಗಿದರು. ನಾಲ್ಕು ಪೌಂಡು. "ಬೆಲ್ಲ ಆಗಿದ್ರೆ ಒಂದು ಮದುವೆ ಪಾಯಸಕ್ಕೂ ಸಾಲ್ತಿರಲಿಲ್ಲ ಮಾರಾಯ" ಎಂದು ನಕ್ಕರು. ನಾನು ಬಸ್ಸಿನಲ್ಲೇ ಅದಕ್ಕೆ ಗುಂಡ ಎಂದು ನಾಮಕರಣ ಮಾಡಿಬಿಟ್ಟೆ. ಹೆಸರನ್ನು ಮುಂಗಡವಾಗಿ ಕೊಟ್ಟರೆ ದೇಹ ಹಿಂದಿನಿಂದ ಬರುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮನೆಗೆ ಬಂದವನೇ ಕಾರ್ಯಕ್ರಮ ಹಾಕಿದೆ. ಕಾರ್ಖಾನೆಯ ಸೈರನ್ ಕೂಗಿದಾಗಲೆಲ್ಲ ಗುಂಡನಿಗೆ ಊಟ. ಹೊತ್ತು ಹೊತ್ತಿಗೆ ತಿಂದರೆ ಮೈ ಹಿಡಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಬೆಳಗ್ಗೆ ಕೆನೆಹಾಲಿಗೆ ತುಪ್ಪ, ಸಕ್ಕರೆ. ಮಧ್ಯಾಹ್ನ ಬೆಲ್ಲ ಹಾಕಿ ಕಾಯಿಸಿದ ರಾಗಿ ಗಂಜಿ. ಸಂಜೆ ಹಾಲು ಸಜ್ಜಿಗೆ, ಅದಕ್ಕೂ ತುಪ್ಪ. ಗೌರಿ ಇವನ್ನೆಲ್ಲ ಕೂಸಿಗೆ ಮಾಡಿದಷ್ಟು ಮುತುವರ್ಜಿಯಿಂದ ಮಾಡಿ, ಕಂಚಿನ ಬಟ್ಟಲಿಗೆ ಎರಡು ಸೌಟು ಹಾಕಿ ಮುಂದಿಡುತ್ತಿದ್ದಳು. ಗುಂಡ ಬರುತ್ತಿತ್ತು. ಬಟ್ಟಲನ್ನು ದೂರದಿಂದಲೇ ಮೂಸುತ್ತಿತ್ತು. ನನ್ನ ಮುಖ ಒಮ್ಮೆ, ಅವಳ ಮುಖ ಒಮ್ಮೆ ನೋಡಿ, ಹೆಣ್ಣು ನೋಡಲು ಬಂದು ಒಪ್ಪಿಗೆಯಾಗದ ಗಂಡಿನ ಕಡೆಯವರ ಹಾಗೆ ಮೆಲ್ಲಗೆ ಎದ್ದು ಹೋಗಿ ಒರಳುಕಲ್ಲಿನ ಹಿಂದೆ ಮಲಗಿಬಿಡುತ್ತಿತ್ತು. ಗೌರಿ ಬೆರಳಿಗೆ ಅದ್ದಿ ಬಾಯಿಗೆ ಸವರಿದರೆ ಒಂದೆರಡು ಸಲ ನೆಕ್ಕುತ್ತಿತ್ತು, ಅಷ್ಟೇ.

ಈಗ ನನ್ನ ಮನೆತನದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮದು ತಟ್ಟೆಯಲ್ಲಿ ಒಂದಗುಳು ಬಿಡದ ಮನೆ. ನಮ್ಮ ತಂದೆ ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು ಏಳುತ್ತಿದ್ದರು. ಶಿವನ ಪ್ರಸಾದ, ಚೆಲ್ಲಬಾರದು. ನನಗೂ ಅದೇ ರೂಢಿ. ಹೀಗಿರುವಾಗ ಪಾತ್ರೆಯಲ್ಲಿ ಅರ್ಧ ಸೇರು ಸಜ್ಜಿಗೆ ತುಪ್ಪ ಬಿಟ್ಟುಕೊಂಡು ಘಮಘಮ ಅನ್ನುತ್ತ ಉಳಿದರೆ ನಾನೇನು ಮಾಡಲಿ? ಬಟ್ಟಲಿಗೆ ಹಾಕಿದ್ದು ಕಾಗೆಗೆ, ಪಾತ್ರೆಯಲ್ಲಿ ಉಳಿದದ್ದು ನನಗೆ. ದಿನಕ್ಕೆ ಮೂರು ಸಲ ಸೈರನ್ನು, ಮೂರು ಸಲ ನನ್ನ ಕರ್ತವ್ಯ. ಡ್ಯೂಟಿಯಲ್ಲಿದ್ದಾಗ ಗೌರಿ ಎತ್ತಿಟ್ಟಿರುತ್ತಿದ್ದಳು, ಬಂದು ಪೂರೈಸುತ್ತಿದ್ದೆ. ಇದರಲ್ಲಿ ರುಚಿಯ ಪ್ರಶ್ನೆಯೇ ಇರಲಿಲ್ಲ. ಇತ್ತು ಅನ್ನಿ, ಆದರೆ ಅದು ಎರಡನೆಯ ಮಾತು.

ಮರಿ ಬೆಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಲ್ಲ. ಆಗ ನಮ್ಮೂರ ರೈಲ್ವೆ ಸ್ಟೇಷನ್ನಿನಲ್ಲಿ ತೂಕದ ಮೆಷಿನ್ನೊಂದಿತ್ತು. ಮೇಲೆ ನಿಂತು ಒಂದಾಣೆ ಹಾಕಿದರೆ ಒಳಗೆ ಚಕ್ರ ತಿರುಗಿ, ದೀಪ ಮಿನುಗಿ, ಟಪ್ ಎಂದು ಒಂದು ಟಿಕೇಟು ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಮೊದಲನೇ ಭಾನುವಾರ ಗುಂಡನನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಮೆಷಿನ್ನಿನ ಮೇಲೆ ನಿಲ್ಲಿಸಿದೆ. ಮೆಷಿನ್ನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಆಣೆ ನುಂಗಿ ಸುಮ್ಮನಾಯಿತು. ನಾನು ಬಿಡುವವನೇ? ಗುಂಡನನ್ನು ಎತ್ತಿಕೊಂಡು ನಾನೇ ಹತ್ತಿದೆ. ನೂರ ಇಪ್ಪತ್ತೆರಡು. ನನ್ನ ತೂಕ ನೂರ ಹದಿನೆಂಟು. ಕಳೆದರೆ ನಾಲ್ಕು. ರುದ್ರಪ್ಪನವರ ತಕ್ಕಡಿಯೂ ನಾಲ್ಕೇ ಹೇಳಿತ್ತು! ನನ್ನ ಪದ್ಧತಿ ಸರಿಯೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನನ್ನ ತೂಕ ನೂರ ಹದಿನೆಂಟೇ ಎಂದು ಹೇಗೆ ಗೊತ್ತು ಎಂದು ನೀವು ಕೇಳಬಹುದು. ಕೆಲಸಕ್ಕೆ ಸೇರುವಾಗ ಡಾಕ್ಟರು ತೂಗಿ ಬರೆದಿದ್ದರು. ಫೈಲಿನಲ್ಲಿದೆ. ಫೈಲಿನಲ್ಲಿರುವುದು ಬದಲಾಗುವುದಿಲ್ಲ.

ಎರಡನೇ ಭಾನುವಾರ ನೂರ ಇಪ್ಪತ್ತನಾಲ್ಕು. ಅಂದರೆ ಗುಂಡ ಆರು ಪೌಂಡು. ಮೂರನೇ ಭಾನುವಾರ ನೂರ ಇಪ್ಪತ್ತೇಳು. ಗುಂಡ ಒಂಬತ್ತು! ಟಿಕೇಟನ್ನು ತಂದು ಗೌರಿಯ ಮುಂದೆ ಹಿಡಿದೆ. ಅವಳು ಒಲೆ ಮುಂದೆ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ರೀ, ಇದರ ಪಕ್ಕೆಲುಬು ಎಣಿಸಬಹುದು. ಹೊಟ್ಟೆ ಒಂದು ಉಬ್ಬಿದೆ, ಬೆನ್ನು ನೋಡಿದ್ರೆ ಗರಗಸ. ಒಂಬತ್ತು ಪೌಂಡು ಎಲ್ಲಿಂದ ಬಂತು?"

"ಹೊಟ್ಟೆ ಉಬ್ಬಿದೆ ಅಂದ್ರೆ ತುಂಬಿದೆ ಅಂತ ಕಣೇ. ಮೊದಲು ಹೊಟ್ಟೆ ತುಂಬುತ್ತೆ, ಆಮೇಲೆ ಮೈಗೆ ಹರಡುತ್ತೆ."

"ನನ್ನ ಕೈಗೆ ಹಗುರ ಅನಿಸುತ್ತಲ್ಲ?"

"ದಿನಾ ಎತ್ತಿ ಎತ್ತಿ ನಿನ್ನ ಕೈಗೆ ಶಕ್ತಿ ಬಂದಿದೆ, ಅದಕ್ಕೆ."

ಈ ಉತ್ತರ ನನಗೆ ಹೊಳೆದದ್ದು ಅಲ್ಲೇ, ಆ ಕ್ಷಣದಲ್ಲೇ. ನನ್ನ ಬುದ್ಧಿಯ ಬಗ್ಗೆ ನನಗೇ ಮೆಚ್ಚುಗೆಯಾಯಿತು. ಗೌರಿ ಟಿಕೇಟನ್ನು ತಿರುಗಿಸಿ ಹಿಂಬದಿಯ ಭವಿಷ್ಯ ಏನೆಂದು ಕೇಳಿದಳು. ಓದಿ ಹೇಳಿದೆ: ನಿಮಗೆ ಸುಖಭೋಜನದ ದಿನಗಳು ಬರಲಿವೆ. "ಇದು ಯಾರ ಭವಿಷ್ಯ? ನಿಮ್ಮದೋ, ಮರೀದೋ?" ಎಂದಳು. ನಾನು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆ. ಬಿಡಬಾರದಿತ್ತು.

ನೆರೆಮನೆಯ ಮುರುಗೇಶನ್ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದರು. ಸೇಲಂ ಕಡೆಯವರು, ನಾಯಿ ಸಾಕಿ ಗೊತ್ತಿದ್ದವರು. ಬೇಲಿಯ ಮೇಲಿಂದ ಒಂದು ದಿನ ಮೆತ್ತಗೆ ಹೇಳಿದರು: "ಸಾರ್, ತಪ್ಪು ತಿಳ್ಕೋಬೇಡಿ ಸಾರ್. ಮರಿ ಕಣ್ಣು ಸರಿ ಇಲ್ಲೆ. ಹೊಟ್ಟೇಲಿ ಹುಳು ಇರ್ತದೆ. ಡಾಕ್ಟರಿಗೆ ತೋರಿಸಿಬಿಡಿ." ನಾನು ಜೇಬಿನಿಂದ ಮೂರು ಟಿಕೇಟನ್ನೂ ತೆಗೆದು ಇಸ್ಪೀಟಿನ ಎಲೆಯಂತೆ ಹರಡಿ ತೋರಿಸಿದೆ. ಅವರು ಟಿಕೇಟು ನೋಡಿದರು, ಮರಿಯನ್ನು ನೋಡಿದರು, ಆಮೇಲೆ ಸ್ವಲ್ಪ ಹೊತ್ತು ನನ್ನನ್ನೂ ನೋಡಿದರು. "ಸರಿ ಸಾರ್" ಎಂದು ಒಳಗೆ ಹೋದರು. ಟೈಮ್ ಆಫೀಸಿನವನ ಹತ್ತಿರ ವಾದ ಮಾಡುವ ಕಾರ್ಮಿಕ ನಮ್ಮೂರಲ್ಲಿ ಆಗ ಇರಲಿಲ್ಲ.

ಇಷ್ಟರಲ್ಲಿ ನಮ್ಮ ಅಗಸ ಬಟ್ಟೆ ಕೆಡಿಸಲು ಶುರುಮಾಡಿದ್ದ. ನನ್ನ ಅಂಗಿಗಳೆಲ್ಲ ಎದೆಯ ಹತ್ತಿರ ಬಿಗಿಯಾಗತೊಡಗಿದವು, ಪ್ಯಾಂಟಿನ ಗುಂಡಿ ಉಸಿರು ಬಿಗಿಹಿಡಿದರೆ ಮಾತ್ರ ಕೂರುತ್ತಿತ್ತು. ಅಷ್ಟೊಂದು ಕುದಿಸಿ ಬಟ್ಟೆ ಕುಗ್ಗಿಸಬೇಡ ಎಂದು ಎರಡು ಸಲ ಗದರಿದೆ. ಅವನು "ಎಲ್ಲರ ಮನೇದೂ ಒಂದೇ ಹಂಡೇಲಿ ಹಾಕ್ತೀನಿ ಬುದ್ಧಿ, ನಿಮ್ದು ಮಾತ್ರ ಹೆಂಗೆ ಕುಗ್ಗುತ್ತೆ?" ಎಂದು ಎದುರುತ್ತರ ಕೊಟ್ಟ.

ನಾಲ್ಕನೇ ಭಾನುವಾರ ಮೆಷಿನ್ನು ನೂರ ಮೂವತ್ತು ಎಂದಿತು. ಗುಂಡ ಹನ್ನೆರಡು ಪೌಂಡು! ಮೂರು ಪಟ್ಟು ಬೆಳೆದಿದೆ ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ. ಅವರು ಕೈಚೀಲದಲ್ಲಿ ಇಣುಕಿ, ಮರಿ ಎಲ್ಲಿ ಎಂದು ಕೇಳುತ್ತಿದ್ದರು.

ಮಾರನೇ ಬೆಳಗ್ಗೆ ಸೈರನ್ ಕೂಗಿದರೂ ಗುಂಡ ಒರಳುಕಲ್ಲಿನ ಹಿಂದಿನಿಂದ ಬರಲಿಲ್ಲ. ಗೌರಿ ಎತ್ತಿದರೆ ಕತ್ತು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಸೀರೆ ಬದಲಾಯಿಸಿ, ಮರಿಯನ್ನು ಹಳೇ ಶಾಲಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತು, "ಕೋಟೆಗೆ ಹೋಗ್ತೀನಿ. ಅಕ್ಕನ ಮನೆ ಹತ್ರ ದನದ ಡಾಕ್ಟರಿದ್ದಾರಂತೆ. ನೀವು ಬಂದ್ರೆ ಬನ್ನಿ" ಎಂದಳು. ಹದಿನಾಲ್ಕು ವರ್ಷದಲ್ಲಿ ನಾನು ಹಾಕಿದ ಮೊದಲ ತುರ್ತು ರಜೆ ಅದು. ಟಿಕೇಟುಗಳನ್ನು ಜೇಬಿನಲ್ಲಿಟ್ಟುಕೊಳ್ಳಲು ಮಾತ್ರ ಮರೆಯಲಿಲ್ಲ. ಡಾಕ್ಟರಿಗೆ ಪೂರ್ತಿ ವಿವರ ಸಿಗಬೇಕಲ್ಲ.

ಡಾಕ್ಟರು ನಿವೃತ್ತರಾದ ಮುದುಕರು. ರುದ್ರಪ್ಪನವರ ಅಂಗಡಿಯ ಜಗಲಿಯ ಮೇಲೆಯೇ ಮರಿಯ ಕಣ್ಣ ರೆಪ್ಪೆ ಎತ್ತಿ ನೋಡಿದರು, ಹೊಟ್ಟೆ ಒತ್ತಿದರು, ಔಷಧಿಯ ಪ್ರಮಾಣಕ್ಕೆ ತೂಕ ಬೇಕು ಎಂದರು. "ಹನ್ನೆರಡು ಪೌಂಡು" ಎಂದೆ ನಾನು ತಕ್ಷಣ. ಅವರು ನನ್ನ ಕಡೆ ನೋಡಿ, ಮರಿಯನ್ನು ತಕ್ಕಡಿಗೆ ಹಾಕಿದರು. ಮೂರೂಮುಕ್ಕಾಲು ಪೌಂಡು.

"ಭಾವ, ನಿಮ್ಮ ತಕ್ಕಡಿ ಕೆಟ್ಟಿದೆ" ಎಂದುಬಿಟ್ಟೆ.

ರುದ್ರಪ್ಪನವರ ಮುಖ ಕೆಂಪಗಾಯಿತು. "ಮೂರು ತಲೆಮಾರಿನ ತಕ್ಕಡಿ ಮಾರಾಯ ಇದು! ಬೀದಿ ತುಂಬ ಗಿರಾಕಿಗಳಿದ್ದಾರೆ, ಮೆಲ್ಲಗೆ ಮಾತಾಡು."

ನಾನು ಟಿಕೇಟುಗಳನ್ನು ಜಗಲಿಯ ಮೇಲೆ ಸಾಲಾಗಿ ಜೋಡಿಸಿ, ಸೈರನ್ನಿಗೊಂದು ಹಾಲು ತುಪ್ಪದ ಊಟದಿಂದ ಹಿಡಿದು ತೂಕ ಕಳೆಯುವವರೆಗೆ ನನ್ನ ಪದ್ಧತಿಯನ್ನು ವಿವರಿಸಿದೆ. ಡಾಕ್ಟರು ತಾಳ್ಮೆಯಿಂದ ಕೇಳಿದರು.

"ನಿಮ್ಮನ್ನ ತೂಗಿದ್ದು ಯಾವಾಗ?"

"ಕೆಲಸಕ್ಕೆ ಸೇರಿದಾಗ."

"ನಿನ್ನೆ ಇಬ್ಬರೂ ಸೇರಿ ನೂರ ಮೂವತ್ತು. ಮರಿ ನಾಲ್ಕೂ ಇಲ್ಲ. ಹಾಗಾದ್ರೆ ಉಳಿದಿದ್ದು ಯಾರದ್ದು ಸ್ವಾಮಿ?" ಎಂದು ನನ್ನ ಅಂಗಿಯ ಗುಂಡಿಯನ್ನು ನೋಡುತ್ತ ಕೇಳಿದರು. "ಮರಿಗೆ ಮಾಡಿದ ಹಾಲು, ತುಪ್ಪ ಎಲ್ಲಾ ಯಾರು ತಿಂತಿದ್ರಮ್ಮಾ?"

ಗೌರಿ ತಲೆ ತಗ್ಗಿಸಿ, "ಇವರೇ" ಎಂದಳು.

ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ರುದ್ರಪ್ಪನವರಂತೂ ಬೆಲ್ಲದ ಮೂಟೆಗೆ ಒರಗಿ ನಕ್ಕರು, ತಕ್ಕಡಿಯ ಅವಮಾನ ತೀರಿತಲ್ಲ. ನನಗೂ ನಗಬೇಕು ಅನಿಸಿತು, ಆದರೆ ಗೌರಿ ನಗುತ್ತಿರಲಿಲ್ಲ. ಅವಳು ತಕ್ಕಡಿಯಿಂದ ಮರಿಯನ್ನು ಎತ್ತಿಕೊಳ್ಳುತ್ತಿದ್ದಳು. ಅವಳು ತಿಂಗಳಿಡೀ ಕಣ್ಣಾರೆ ಕಂಡದ್ದನ್ನು ಹೇಳಿದ್ದಳು. ನಾನು ಪ್ರತಿ ಸಲವೂ ಒಂದು ಟಿಕೇಟು ತೋರಿಸಿ ಬಾಯಿ ಮುಚ್ಚಿಸಿದ್ದೆ. ಮುರುಗೇಶನ್ ಹೇಳಿದ ದಿನವೇ ಬಂದಿದ್ದರೆ ಮರಿಗೆ ಈ ಸ್ಥಿತಿ ಬರುತ್ತಿರಲಿಲ್ಲ. ನನಗೆ ಅಷ್ಟು ನಾಚಿಕೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಹೊಟ್ಟೆ ತುಂಬ ಹುಳ ಎಂದರು ಡಾಕ್ಟರು. ಔಷಧಿ ಕೊಟ್ಟು, ತುಪ್ಪ ಸಕ್ಕರೆ ಎಲ್ಲ ನಿಲ್ಲಿಸಿ, ತೆಳ್ಳಗಿನ ಅನ್ನದ ಗಂಜಿ ಗಂಟೆಗೊಮ್ಮೆ ಎರಡೆರಡು ಚಮಚ ಕುಡಿಸಿ, ಬೆಚ್ಚಗಿಡಿ ಎಂದರು. "ಸೈರನ್ ಕಾಯಬೇಡಿ. ಇನ್ನೊಂದು ವಿಷಯ, ಮರಿ ತಿನ್ನೋ ಹೊತ್ತಲ್ಲಿ ಯಜಮಾನರು ಅಡುಗೆಮನೇಲಿ ಇರೋದು ಬೇಡ" ಎಂದೂ ಸೇರಿಸಿದರು. ಗೌರಿ ಅಕ್ಕನ ಮನೆಯಲ್ಲೇ ಉಳಿದು ಮೂರು ದಿನ ಬೆರಳಿನಿಂದ ಗಂಜಿ ಕುಡಿಸಿದಳು. ನಾನು ದಿನಾ ಡ್ಯೂಟಿ ಮುಗಿಸಿ ಬಸ್ಸು ಹಿಡಿದು ಹೋಗಿ, ಹೊಸ್ತಿಲ ಆಚೆಯೇ ನಿಂತು ವಿಚಾರಿಸುತ್ತಿದ್ದೆ. ನಾಲ್ಕನೇ ದಿನ ಹೋದಾಗ ಒಳಗಿನಿಂದ ಚಪಚಪ ಎಂದು ಸದ್ದು ಕೇಳಿತು. ಗುಂಡ ತಾನೇ ಬಟ್ಟಲಿಗೆ ಬಾಯಿ ಹಾಕಿ ನೆಕ್ಕುತ್ತಿತ್ತು. ಗೌರಿ ಬೆರಳನ್ನು ಬಾಯಿಯ ಮೇಲಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದಳು, ಕಣ್ಣು ತುಂಬಿಕೊಂಡಿತ್ತು. ನನ್ನ ಕಣ್ಣೂ ಒದ್ದೆಯಾಗಿತ್ತು, ಬೆಲ್ಲದ ಅಂಗಡಿಯ ಧೂಳು ಎಂದು ರುದ್ರಪ್ಪನವರಿಗೆ ಹೇಳಿದೆ.

ಈಗ ಗುಂಡನಿಗೆ ಐದು ವರ್ಷ. ಹೆಸರಿಗೆ ತಕ್ಕಂತೆ ಕರುವಿನ ಹಾಗಿದೆ, ಕ್ವಾರ್ಟರ್ಸಿಗೆಲ್ಲ ಅದರ ಹೊಟ್ಟೆಬಾಕತನ ಪ್ರಸಿದ್ಧ. ಸ್ವಭಾವ ಮಾತ್ರ ಬಂಗಾರ. ಅದು ಉಣ್ಣುವಾಗ ಮುರುಗೇಶನ್ ಬಂದು ಬೆನ್ನು ತಟ್ಟಿದರೂ ಬಾಲ ಆಡಿಸುತ್ತದೆ. ಎದುರುಮನೆಯ ಬೆಕ್ಕು ಬಂದು ಬಟ್ಟಲಿನಲ್ಲಿ ಪಾಲು ಕೇಳಿದರೂ ಸರಿದು ಜಾಗ ಕೊಡುತ್ತದೆ. ಆದರೆ ನಾನು ನೀರು ಕುಡಿಯಲೆಂದು ಆ ಕಡೆ ಒಂದು ಹೆಜ್ಜೆ ಇಟ್ಟರೆ ಸಾಕು, ಎರಡೂ ಮುಂಗಾಲನ್ನು ಬಟ್ಟಲಿನ ಸುತ್ತ ಚಾಚಿ, ಹಲ್ಲು ತೋರಿಸಿ, ಗುರ್ ಎನ್ನುತ್ತದೆ. ಗೌರಿ "ಏ ಗುಂಡ, ಯಜಮಾನರು ಕಣೋ, ಹಾಗನ್ನಬಾರದು" ಎಂದು ಬುದ್ಧಿ ಹೇಳುತ್ತಾಳೆ. ಅದು ಕೇಳುವುದಿಲ್ಲ. ನಾನೂ ಬೇಸರಪಟ್ಟುಕೊಳ್ಳುವುದಿಲ್ಲ. ಅದಕ್ಕೆ ಕೂಡುವುದು ಕಳೆಯುವುದು ಬರುವುದಿಲ್ಲ ನಿಜ, ಆದರೆ ತನ್ನ ಪಾಲಿನ ಹಾಲು ಯಾರ ಹೊಟ್ಟೆಗೆ ಹೋಯಿತೆಂಬುದು ಮಾತ್ರ ಚೆನ್ನಾಗಿ ನೆನಪಿದೆ.