ಜಮಾದಾರ ಮಾವನ ಆಕಾಶದ ಉದ್ಯೋಗ

ವಾದದಲ್ಲಿ ಗೆಲ್ಲುವುದು ಅಂಥ ಕಷ್ಟದ ಕೆಲಸವೇನಲ್ಲ. ಗೆದ್ದ ಮೇಲೆ ಅದೇ ಮನೆಯಲ್ಲಿ ಊಟಕ್ಕೆ ಕೂರುವುದಿದೆಯಲ್ಲ, ಅದು ಕಷ್ಟ. ಮಧುರೆಯ ಕಾಲೇಜಿನ ಚರ್ಚಾಕೂಟದಲ್ಲಿ ನಮಗೆ ಮೊದಲನೆಯದನ್ನು ಮಾತ್ರ ಕಲಿಸುತ್ತಾರೆ. ಚೀಟಿ ಎತ್ತಬೇಕು, ಪರ ಎಂದು ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ದೇವರಿದ್ದಾನೆಂದು ಒಂದು ಶನಿವಾರ ಸಾಧಿಸಿ, ಇಲ್ಲವೆಂದು ಮುಂದಿನ ಶನಿವಾರ ಸಾಧಿಸಿದವನು ನಾನು. ಎರಡು ಸಲವೂ ಚಪ್ಪಾಳೆ ಬಿತ್ತು. ದೇವರು ಎರಡು ಸಲವೂ ಸುಮ್ಮನಿದ್ದ. ಇಂಥ ವಿದ್ಯೆಯನ್ನು ರಜೆಗೆ ಊರಿಗೆ ಒಯ್ಯಬಾರದು. ನಾನು ಒಯ್ದೆ.

ನಮ್ಮೂರು ಕಾಮಯಗೌಂಡನ್‌ಪಟ್ಟಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ನನ್ನ ತಾಯಿಯ ತಮ್ಮ ರಂಗಮಾವ ಮದರಾಸಿನ ಪಲ್ಟನಿನಲ್ಲಿ, ನಮ್ಮೂರವರ ಬಾಯಲ್ಲಿ ಪಟ್ಟಾಳದಲ್ಲಿ, ಜಮಾದಾರ. ಸಿಪಾಯಿಗಳಿಂದ ಸಲಾಮು ಹೊಡೆಸಿಕೊಳ್ಳುವ, ಸೊಂಟಕ್ಕೆ ಕತ್ತಿ ಕಟ್ಟುವ ಅಧಿಕಾರಿ. ವರ್ಷದಲ್ಲಿ ಹತ್ತು ತಿಂಗಳು ಅದು. ಉಳಿದೆರಡು ತಿಂಗಳ ರಜೆಯಲ್ಲಿ ಬೇರೆ ಜಮಾದಾರರು ಊರಿಗೆ ಬಂದು ಜಗಲಿಯ ಮೇಲೆ ಮೀಸೆ ತಿರುವುತ್ತ ಕೂರುತ್ತಾರೆ. ರಂಗಮಾವ ಒಬ್ಬ ಬಿಳಿ ದೊರೆಯ ಬೆಲೂನು ಆಟಕ್ಕೆ ಸೇರಿಕೊಂಡು ಹಾರುತ್ತಿದ್ದ. ಹೊಂಡ ತೋಡಿ, ಸೌದೆ ಉರಿಸಿ, ಮನೆಯಷ್ಟು ದೊಡ್ಡ ಬಟ್ಟೆಯ ಚೀಲಕ್ಕೆ ಬಿಸಿ ಹೊಗೆ ತುಂಬಿಸುತ್ತಾರೆ. ಚೀಲ ಏಳುವಾಗ ಅದರಡಿಯ ಅಡ್ಡಗೋಲನ್ನು ಹಿಡಿದು ಮಾವನೂ ಏಳುತ್ತಾನೆ. ದಿಂಡಿಗಲ್ಲಿನ ಬಂಡೆಕೋಟೆಯ ನೆತ್ತಿ ಕೆಳಗಾಯಿತು ಎನ್ನುವಾಗ ಒಂದು ಭಾರಿ ಕೊಡೆ ಬಿಚ್ಚಿಕೊಂಡು ಜಿಗಿಯುತ್ತಾನೆ. ಪಲ್ಟನಿನ ಕರ್ನಲ್ಲು ಇದಕ್ಕೆ ಒಪ್ಪಿಗೆ ಕೊಟ್ಟಿದ್ದ. ಒಂದೇ ಷರತ್ತು: ಸಮವಸ್ತ್ರದಲ್ಲಿ ಹಾರಕೂಡದು. ಮಾವ ಬಿದ್ದರೆ ಬೀಳಲಿ, ಸರ್ಕಾರದ ಬಟ್ಟೆ ಬೀಳಬಾರದು.

ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ನನ್ನ ಅಕ್ಕ ನಾಗಮ್ಮನ ಮದುವೆಯ ಮಾತು ಬರುವವರೆಗೆ. ನಮ್ಮಲ್ಲಿ ಹೆಣ್ಣಿನ ಮೇಲೆ ಸೋದರಮಾವನಿಗೆ ಮೊದಲ ಹಕ್ಕು. ಮಾವನಿಗೆ ಒಪ್ಪಿಗೆ, ಅಮ್ಮನಿಗೆ ಒಪ್ಪಿಗೆ. ಅಪ್ಪನದು ಮಾತ್ರ ಒಂದೇ ಹಟ: "ಒಂದು ಕಾಲು ಪಟ್ಟಾಳದಾಗೆ, ಇನ್ನೊಂದು ಆಕಾಶದಾಗೆ. ಮನೆಯಾಗಿಡಾಕೆ ಮೂರನೇ ಕಾಲು ಎಲ್ಲೈತೆ ಅವ್ನಿಗೆ?" ಎಂದು. ನಮ್ಮ ಕಣಿವೆಯ ಜನ ವಿಚಿತ್ರ. ಮಲೆಯಾಚೆಯ ಹೊಳೆಗೆ ಅಡ್ಡ ಕಟ್ಟಿ, ಬೆಟ್ಟವನ್ನೇ ಕೊರೆದು ನೀರನ್ನು ಇತ್ತ ತರುತ್ತಾರೆಂದರೆ ತಲೆಯಾಡಿಸಿ ನಂಬುತ್ತಾರೆ. ಒಬ್ಬ ಮನುಷ್ಯ ಮೇಲೆ ಹೋಗಿ ಕೆಳಗೆ ಬರುತ್ತಾನೆಂದರೆ ಹೆಣ್ಣು ಕೊಡಲು ಹಿಂದೆಗೆಯುತ್ತಾರೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ, "ಓದಿದವ್ನು ನೀನು, ನೀ ಏನಂತಿ?" ಎಂದ. ಅಕ್ಕನ ಮನಸ್ಸೇನೆಂದು ಕೇಳುವುದು ನನಗೆ ಹೊಳೆಯಲಿಲ್ಲ. ಮನಸ್ಸಿನಲ್ಲೇ ಚೀಟಿ ಎತ್ತಿದೆ, ವಿರೋಧ ಬಂತು. ಅನ್ನ ಕಲಸುತ್ತಲೇ ಮೂರು ಕಾರಣ ಕೊಟ್ಟೆ. ಪಲ್ಟನಿನವನು ಅಪ್ಪಣೆ ಕೇಳುವವನು, ಬೆಲೂನು ಗಾಳಿಯನ್ನು ಬಿಟ್ಟು ಯಾರ ಅಪ್ಪಣೆಯನ್ನೂ ಕೇಳದು. ಇಬ್ಬರು ಯಜಮಾನರ ಆಳು ಯಾರಿಗೂ ಪೂರಾ ಆಳಲ್ಲ. ಎರಡನೆಯದಾಗಿ, ಅಧಿಕಾರಿಯ ಪ್ರಾಣ ಆಗಲೇ ಸರ್ಕಾರಕ್ಕೆ ಕೊಟ್ಟಾಗಿದೆ. ಕೊಟ್ಟದ್ದನ್ನು ಬಯಲಾಟದಲ್ಲಿ ತೋರಿಸುವ ಹಕ್ಕು ಅವನಿಗಿಲ್ಲ. ಕೊನೆಯದಾಗಿ, ಪಲ್ಟನಿನಲ್ಲಿ ನಿಂತ ಜಾಗ ಬಿಡದಿದ್ದರೆ ಹೊಗಳಿಕೆ, ಬೆಲೂನಿನಲ್ಲಿ ಬಿಟ್ಟು ಜಿಗಿದರೆ ಹೊಗಳಿಕೆ. ಒಂದೇ ದೇಹ ಎರಡನ್ನೂ ಹೇಗೆ ಕಲಿತೀತು? ಅಪ್ಪ ಕೈಯ ತುತ್ತನ್ನು ಹಾಗೇ ಹಿಡಿದು ಕೇಳಿದ. ಇನ್ನೊಂದು ಸಲ ಹೇಳಿಸಿದ. ನನ್ನ ವಾಗ್ಝರಿಗೆ ಮಾರುಹೋಗಿದ್ದಾನೆಂದುಕೊಂಡೆ. ಅವನು ಬಾಯಿಪಾಠ ಮಾಡುತ್ತಿದ್ದ.

ಹಿತ್ತಿಲಲ್ಲಿ ಅಕ್ಕ ಹುಣಸೆಹಣ್ಣು ಬಡಿಯುತ್ತ ಕೂತಿದ್ದಳು. ನನ್ನನ್ನು ಕಂಡು ಕೊಡತಿಯನ್ನು ಕೆಳಗಿಡಲಿಲ್ಲ.

"ಯಾರ್ನಾ ಕಟ್ಕೋಬೇಕು ಅಂತ ಆರು ವರ್ಸದಿಂದ ಅಂದ್ಕಂಡಿದ್ನೋ ಅವ್ನ್ನ ಒಂದು ಊಟದಾಗೆ ಮುಗಿಸ್ದೆಯಲ್ಲೋ. ಮಜ್ಜಿಗೆ ಬರೋ ತನಕ ಕೂಡ ತಡೀಲಿಲ್ಲ."

"ಅದು ಬರೀ ಚರ್ಚೆಗೆ ಕಣೆ ಅಕ್ಕ."

"ಅಪ್ಪ ನಾಳೆ ಕಂಬ್ಳಿ ಹಾಸಿಸ್ತಾನಂತೆ. ಕೆಡಿಸ್ದೋನು ನೀನು, ಸರಿ ಮಾಡೋನೂ ನೀನೇ. ಇಲ್ದಿದ್ರೆ ಮಧುರೆಗೆ ನಡಕೊಂಡು ಹೋಗ್ಬೇಕಾಯ್ತದೆ, ಗಾಡಿ ಹೂಡಾಕೆ ನಾ ಬಿಡಾಕಿಲ್ಲ."

ಕಂಬಳಿ ಎಂದರೆ ನಮ್ಮ ಕುಲದ ನ್ಯಾಯಸ್ಥಾನ. ಕಪ್ಪು ಕಂಬಳಿ ಹಾಸಿ, ನಡುವೆ ಬೇವಿನೆಲೆ ಹಾಕಿದ ನೀರಿನ ಚೊಂಬಿಟ್ಟು ಹಿರಿಯರು ಸುತ್ತ ಕೂರುತ್ತಾರೆ. ಅಲ್ಲಿ ಆದ ತೀರ್ಮಾನಕ್ಕೆ ಮೇಲೆ ಕೋರ್ಟಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಹಿರಿಯ ಕರಿಯಗೌಡರು ರಜೆಗೆ ಬಂದಿದ್ದ ಮಾವನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಶುರುಮಾಡಿದರು.

"ಏನ್ಡಾ ರಂಗಾ, ಮ್ಯಾಗೆ ಹೋದಾಗ ನೀ ಯಾವೂರಾಗೆ ಇರ್ತಿ?"

"ಗಾಳಿ ಯಾವೂರ ಕಡೆ ತಳ್ತದೋ ಆ ಊರಾಗೆ, ಅಯ್ಯಾ."

"ಬಿದ್ದು ಸತ್ರೆ ತಮಟೆ ಬಡಿಸ್ಬೇಕಾದೋರು ಯಾರು?"

"ಬಿದ್ದ ಊರೋರು." ಮಾವ ಕವಾಯತಿನಲ್ಲಿ ಉತ್ತರಿಸುವಂತೆ ಬೆನ್ನು ನೆಟ್ಟಗಿಟ್ಟು ಹೇಳಿದ.

"ಸರಿತಾನ," ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮೂರಿಗೆ ಖರ್ಚಿಲ್ಲವೆಂದು ಅವರ ಅರ್ಧ ಆತಂಕ ಇಳಿಯಿತು.

ಆಗ ಅಪ್ಪ ಎದ್ದ. ನನ್ನ ಮೂರು ಕಾರಣಗಳನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ನಾನು ಕೈಯೆತ್ತಿದ ಕಡೆ ಕೈಯೆತ್ತಿದ. ಚಪ್ಪಾಳೆಗೆಂದು ನಾನು ನಿಲ್ಲಿಸಿದ ಕಡೆ ತಾನೂ ನಿಲ್ಲಿಸಿದ. ಅಷ್ಟು ಒಳ್ಳೆಯ ಭಾಷಣವನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ. ಖಂಡಿಸಬೇಕಾದವನು ನಾನೇ ಎಂಬುದು ನೆನಪಾಗಿ ಎದ್ದು ನಿಂತೆ. ಮೊದಲನೆಯ ಕಾರಣವನ್ನು ಮುರಿಯುವಷ್ಟರಲ್ಲಿ ಕರಿಯಗೌಡರು ಕೈ ಅಡ್ಡ ಮಾಡಿದರು.

"ತಂಬಿ, ನಿಮ್ಮಪ್ಪನಿಗೆ ಇದ್ನ ಹೇಳ್ಕೊಟ್ಟೋರು ಯಾರು?"

"ನಾನೇ, ಅಯ್ಯಾ."

"ನೆನ್ನೆ ಅದು ಸರಿಯಾಗಿತ್ತಾ?"

"ನಿನ್ನೆಯದು ಚರ್ಚೆಗಾಗಿ ಹೇಳಿದ್ದು."

"ಇವತ್ತಿಂದು?"

ಕಾಲೇಜಿನಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಕೂತ್ಕಾ ತಂಬಿ," ಎಂದರು ಗೌಡರು, ಪಾಪ, ಮೆತ್ತಗೇ. ಮಾವ ನೆಲ ನೋಡುತ್ತಿದ್ದ. ಅಷ್ಟೆತ್ತರದಿಂದ ಜಿಗಿಯುವವನ ಮುಖದಲ್ಲಿ ಹೆದರಿಕೆಯನ್ನು ನಾನು ಕಂಡದ್ದು ಅದೊಂದೇ ಸಲ.

ಕಂಬಳಿಯ ಮೇಲೆ ಹೆಂಗಸರು ಕೂರುವಂತಿಲ್ಲ. ಬಾಗಿಲಲ್ಲಿ ನಿಂತು ಮಾತಾಡಬಾರದೆಂದು ಯಾರೂ ಹೇಳಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅಕ್ಕ ಬಾಗಿಲಿಗೆ ಬಂದಳು.

"ಅಯ್ಯಾ, ಪಟ್ಟಾಳದಾಗೆ ಮಾವನ ಮ್ಯಾಲೆ ಗುಂಡು ಹೊಡೀತಾರಾ?"

"ಲಡಾಯಿ ಬಂದ್ರೆ ಹೊಡೀತಾರೆ," ಎಂದ ಅಪ್ಪ.

"ಬೆಲೂನಿಗೆ?"

"ಅದಕ್ಯಾರು ಹೊಡೀತಾರೆ. ಚಪ್ಪಾಳೆ ಹೊಡೀತಾರೆ."

"ಪಟ್ಟಾಳಕ್ಕೆ ಹೋದ್ರೆ ಹತ್ತು ತಿಂಗ್ಳು ಮನೆಯಾಗೆ ಇರಾಕಿಲ್ಲ. ಮ್ಯಾಕೆ ಹೋದ್ರೆ ಒಲೆ ಮೇಲಿನ ಅನ್ನ ಬೇಯೋದ್ರಾಗೆ ಇಳೀತಾನೆ. ನೀವು ಮೊದಲ್ನೇದಕ್ಕೆ ಸರಿ ಅಂತೀರಿ, ಎರಡ್ನೇದಕ್ಕೆ ಬ್ಯಾಡ ಅಂತೀರಿ. ಒಂದ್ನ ಬಿಡಿಸ್ಲೇಬೇಕು ಅಂದ್ರೆ ನಾನು ಪಟ್ಟಾಳನೇ ಬಿಡಿಸ್ತೀನಿ."

ಮಾವ ಬೆಚ್ಚಿ ತಲೆಯೆತ್ತಿದ. ನಾನು ಮೂರು ಕಾರಣ ಹುಡುಕಿದ್ದೆ, ಅವಳು ಅನ್ನ ಬೇಯುವುದನ್ನು ನೋಡಿದ್ದಳು. ಸೋಲುವುದಾದರೆ ಹೀಗೆ ಸೋಲಬೇಕು ಎಂದು ಈಗ ದೊಡ್ಡ ಮನಸ್ಸಿನಿಂದ ಬರೆಯುತ್ತೇನೆ. ಆಗ ಹೊಟ್ಟೆ ಉರಿಯಿತು.

"ಮದುವೆ ಆಗ್ಲಿ," ಎಂದರು ಕರಿಯಗೌಡರು. "ಆದ್ರೆ ಒಂದು. ಇವ್ನು ಬೇರೇರ ಹೊಲದಾಗೆ ಇಳೀತಾನೆ, ಬೆಳೆ ತುಳೀತಾನೆ. ಪಟ್ಟಾಳದ ಆಪೀಸರು ಕೈ ಕಟ್ಕೊಂಡು ತಪ್ಪಾಯ್ತು ಅನ್ನಾಕಾಯ್ತದಾ? ಹೆಣ್ಣಿನ ತಮ್ಮ ಕೆಳಗೆ ಓಡ್ಲಿ. ಮಾತಾಡಾಕೆ ಅಂತಾನೇ ಓದಿಸಿದೀವಲ್ಲ, ಹೊಲದೋರ ಹತ್ರ ಮಾತಾಡ್ಲಿ."

ಅಕ್ಕ ಬಾಗಿಲಲ್ಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಲೆ ಕೋರ್ಟಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಮದುವೆಯಾದ ಮೇಲಿನ ಮೊದಲ ಹಾರಾಟ ದಿಂಡಿಗಲ್ಲಿನಲ್ಲಿ. ಗಾಳಿ ಬೆಲೂನನ್ನು ಊರಾಚೆಗೆ ತಳ್ಳಿತು. ನಾನು ಆಕಾಶ ನೋಡುತ್ತ, ಬೇಲಿ, ಬಾವಿಯ ಕಟ್ಟೆ, ಎಮ್ಮೆ ಎಲ್ಲವನ್ನೂ ಎಡವುತ್ತ ಓಡಿದೆ. ತಲುಪುವಷ್ಟರಲ್ಲಿ ಮಾವ ಒಂದು ಹೊಗೆಸೊಪ್ಪಿನ ತೋಟದಲ್ಲಿ ಇಳಿದು, ಕೊಡೆ ಎಳೆದ ಕಡೆಗೆಲ್ಲ ಉರುಳಿ ಆಗಿತ್ತು. ತೋಟದ ಮುದುಕಿ ಕುಡುಗೋಲು ಹಿಡಿದು ನಿಂತಿದ್ದಳು. ಮಾವ ಅವಳಿಗೊಂದು ಸಲಾಮು ಹೊಡೆದು, ಕೊಡೆ ಮಡಚಿ, ಚಪ್ಪಾಳೆಯಿದ್ದ ದಿಕ್ಕಿಗೆ ನಡೆದುಬಿಟ್ಟ. ಅವಳು ನನ್ನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದಳು.

"ನೀನು ಪಟ್ಟಾಳದವನಾ?"

"ಅಲ್ಲಮ್ಮ."

"ಆಕಾಶಕ್ಕೆ ಹೋಗುವವನಾ?"

"ಅಲ್ಲ. ಅವರ ಹೆಂಡತಿಯ ತಮ್ಮ."

ಅವಳು ಕುಡುಗೋಲನ್ನು ಬದುವಿನ ಮೇಲಿಟ್ಟು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ಹಾಗಾದರೆ ಸರಿಯಾದ ಆಳೇ ಬಂದಿದ್ದೀಯ ತಂಬಿ, ಕೂತುಕೋ," ಎಂದಳು. ಕೂತೆ. ಮುರಿದ ಒಂದೊಂದು ಗಿಡಕ್ಕೂ ಬೇರೆ ಬೇರೆಯಾಗಿ ನನ್ನನ್ನು ಬೈಯತೊಡಗಿದಳು. ಸಮಾಧಾನ ಹೇಳಲು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅವಳು, "ಇರು, ಇನ್ನೂ ಈ ಗಿಡದ್ದು ಮುಗಿದಿಲ್ಲ," ಎಂದು ಸಾಲಿನಲ್ಲಿ ಮುರಿದು ಬಿದ್ದಿದ್ದ ಮುಂದಿನ ಗಿಡವನ್ನು ತೋರಿಸಿದಳು.