ಬೀಗರ ತಾಲ್ಲೂಕು ಫಸ್ಟು

ಪರೀಕ್ಷೆ ಬರೆದ ಮಕ್ಕಳಿಗಿಂತ ಹೆಚ್ಚು ಬೆವರುವ ಮುದುಕರನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ಹೇಳಿ, ನಮ್ಮ ಬೀಗರನ್ನು ಒಂದು ವಾರ ನಿಮ್ಮಲ್ಲಿಗೆ ಕಳಿಸುತ್ತೇನೆ. ಊಟ, ಕಾಫಿ ನಿಮ್ಮದೇ!

ನನ್ನ ಮಗಳ ಮಾವ ಇವರು. ಊರು ಹೊಸದುರ್ಗ. ನಾನು ಹಿರಿಯೂರಿನವಳು. ಮೊನ್ನೆ ತಾನೇ ಫೋನಿನಲ್ಲಿ ಟೈಪು ಮಾಡಲು ಕಲಿತೆ. ಕಲಿತ ಮೇಲೆ ಇವರನ್ನು ಬಿಡುವುದುಂಟೇ? ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಜನ ತಮ್ಮ ಮಕ್ಕಳ ಮಾರ್ಕ್ಸು ನೋಡುತ್ತಾರೆ. ಇವರು ಜಿಲ್ಲೆಯಲ್ಲಿ ಯಾವ ತಾಲ್ಲೂಕು ಫಸ್ಟು ಅಂತ ನೋಡುತ್ತಾರೆ. ಪರೀಕ್ಷೆ ಹತ್ತಿರ ಬಂತೆಂದರೆ ಅವರ ಬೀದಿಯಲ್ಲಿ ಮದುವೆಯ ವಾಲಗದವರೂ ಮೆತ್ತಗೆ ಊದಬೇಕು. ಒಮ್ಮೆ ಮದುಮಗನ ಅಪ್ಪ ಜಗಳಕ್ಕೆ ಬಂದರೆ, ನಿಮ್ಮದು ಒಂದು ಮನೆಯ ಮದುವೆ, ಇದು ಇಡೀ ತಾಲ್ಲೂಕಿನ ಮಾನ ಅಂದರಂತೆ. ಕೊನೆಗೆ ತಾಳಿ ಕಟ್ಟುವಾಗಲೂ ಡೋಲು ಪಿಸುಗುಟ್ಟಿತಂತೆ!

ನಮ್ಮಿಬ್ಬರ ನಡುವೆ ಒಂದು ಕಟ್ಟಳೆ. ಯಾರ ತಾಲ್ಲೂಕು ಹಿಂದೆ ಬೀಳುತ್ತದೋ ಅವರು ಹೋಳಿಗೆ ಮಾಡಿಸಿ ಗೆದ್ದವರ ಮನೆಗೆ ಹೊತ್ತೊಯ್ಯಬೇಕು. ಒಂದು ವರ್ಷ ಹಿರಿಯೂರು ಮುಂದೆ ಬಂತು. ಬೀಗರು ಹೋಳಿಗೆಯನ್ನೇನೋ ತಂದರು, ಸೋಲನ್ನು ಮಾತ್ರ ತರಲಿಲ್ಲ.

"ಮಾರಿಕಣಿವೆ ಡ್ಯಾಮಿನ ಹಿನ್ನೀರು ನಿಂತಿರೋದು ನಮ್ಮ ಕಡೆ ಹೊಲದಾಗೆ. ಆ ನೀರು ಕುಡಿದು ಓದೋರು ನಿಮ್ಮ ಹುಡುಗ್ರು. ನಿಮ್ಮ ಮಾರ್ಕ್ಸಿನಾಗೆ ಅರ್ಧ ನಮ್ದೇ ಐತೆ ಬೀಗ್ರೇ" ಅಂತ, ತಂದ ಹೋಳಿಗೆಯಲ್ಲೂ ಅರ್ಧ ತಾವೇ ತಿಂದು ಹೋದರು.

ಚಿತ್ರದುರ್ಗವನ್ನು ಅವರು ಆಟಕ್ಕೇ ಸೇರಿಸುವುದಿಲ್ಲ. ಜಿಲ್ಲೆಯ ಆಫೀಸುಗಳೆಲ್ಲ ಅಲ್ಲೇ ಇರುವಾಗ ಮಕ್ಕಳು ಹೆದರಿಕೆಗಾದರೂ ಓದುತ್ತಾರೆ, ಅದೇನು ದೊಡ್ಡ ಮಾತು ಅನ್ನುತ್ತಾರೆ.

ಈ ವರ್ಷ ನಮ್ಮಿಬ್ಬರ ಒಬ್ಬಳೇ ಮೊಮ್ಮಗಳು ಪರೀಕ್ಷೆಗೆ ಕೂತಳು. ಅವಳ ಅಪ್ಪ ಅಮ್ಮನ ಕೆಲಸ ಪಕ್ಕದ ತಾಲ್ಲೂಕು ಹೊಳಲ್ಕೆರೆಯಲ್ಲಿ, ಅವಳು ಓದಿದ್ದೂ ಅಲ್ಲೇ. ಮನೆತನ ನಮ್ಮದು, ಹುಡುಗಿ ಹೊಸದುರ್ಗದ ಲೆಕ್ಕ ಅಂತ ಅವರು. ಹೆರಿಗೆಯಾದದ್ದು ನನ್ನ ಮನೆಯಲ್ಲಿ, ಹಿರಿಯೂರಿನ ಲೆಕ್ಕ ಅಂತ ನಾನು. ಪಾಪ, ಹೊಳಲ್ಕೆರೆಯವರನ್ನು ಇಬ್ಬರೂ ಕೇಳಲಿಲ್ಲ!

ರಿಸಲ್ಟ್ ಬಂತು. ಹೊಸದುರ್ಗವೇ ಫಸ್ಟು. ಮೊಮ್ಮಗಳು ಗಣಿತದಲ್ಲಿ ಫೇಲು.

ಬಸ್ಸು ಹತ್ತಿ ಹೊಳಲ್ಕೆರೆಗೆ ಓಡಿದೆ. ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಊಟ ಬೇಡ, ಮುಂದೆ ಓದುವುದೂ ಬೇಡ ಅಂತ ಒಂದೇ ಹಟ. ನಾನು ಕರೆದು ಕರೆದು ಸೋತೆ. ಅಷ್ಟರಲ್ಲಿ ಬೀಗರು ಬಂದರು. ಗೆದ್ದವರು ಕೈಬೀಸಿಕೊಂಡು ಬರಬೇಕು ತಾನೇ? ಇವರ ಕೈಯಲ್ಲಿ ಹೋಳಿಗೆ ಡಬ್ಬಿ! ಆ ಬಾಗಿಲ ಮುಂದೆ ನೆಲದ ಮೇಲೇ ಕೂತರು.

"ಬಾರವ್ವ. ಸೋತೋರು ಹೋಳಿಗೆ ತರ್ಬೇಕು, ತಂದೀನಿ. ಇಬ್ರೂ ತಿನ್ನಾಣ. ಇನ್ನೊಂದು ಪರೀಕ್ಷೆ ಐತೆ, ಬರೆದ್ರಾತು."

ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು.

ನನ್ನ ಬಾಯಿ ಸುಮ್ಮನಿರಬೇಕಲ್ಲ? ನಿಮ್ಮ ತಾಲ್ಲೂಕು ಗೆದ್ದಿದೆ, ಹಾಗಾದರೆ ಈ ಹುಡುಗಿ ಯಾರ ಲೆಕ್ಕಕ್ಕೆ ಬೀಗರೇ ಅಂತ ಕೆಣಕಿಬಿಟ್ಟೆ.

ಹೋಳಿಗೆ ಮುರಿದು ಅವಳ ಕೈಗಿಡುತ್ತಾ, ನನ್ನತ್ತ ತಿರುಗದೆಯೇ ಅಂದರು:

"ಪಾಸಾಗಿದ್ರೆ ನೀವೇ ಇಟ್ಕಳ್ರಿ ಅಂತಿದ್ದೆ ಬೀಗ್ರೇ. ಫೇಲಾಗೈತಲ್ಲ ಕೂಸು, ಈ ಸಲ ನಮ್ಮದೇ."