ಭಾವನೆಗಳ ಪಾಠಕ್ಕೆ ಸಮಿತಿ ಬಂದದ್ದು

೧೯೬೨ರ ಜುಲೈ, ಎರಡನೆಯ ಸೋಮವಾರ, ಬೆಳಿಗ್ಗೆ ಹತ್ತೂಕಾಲು. ಭಾವನೆಗಳ ವಿಚಾರ ಕಲಿಸುವವರನ್ನು ಭಾವನೆಗಳು ಸುಮ್ಮನೆ ಬಿಡುವುದಿಲ್ಲ. ನನ್ನ ಪಾಲಿಗೆ ಅದು ಶುರುವಾದದ್ದು ಆ ಹೊತ್ತಿಗೆ. ಮದರಾಸಿನ ಹೆಂಗಸರ ಕಾಲೇಜೊಂದರಲ್ಲಿ ನಾನು ತತ್ವಶಾಸ್ತ್ರದ ಉಪನ್ಯಾಸಕಿ. ಕನ್ನಡದವರೇ ಆದ ಪ್ರಿನ್ಸಿಪಾಲಮ್ಮ ಕರೆಸಿ ಹೇಳಿದರು:

“ವಿಭಾಗದ ಮುಖ್ಯಸ್ಥೆಯ ಹುದ್ದೆಗೆ ನಿಮ್ಮ ಹೆಸರು ಕಳಿಸಿದ್ದೇನೆ. ಆಯ್ಕೆ ಸಮಿತಿ ನಿಮ್ಮ ತರಗತಿಗೆ ಬಂದು ಕೂರುತ್ತೆ. ಹೆಂಗಸರು ಮಾತೆತ್ತಿದರೆ ಅಳುತ್ತಾರೆ, ವಿಭಾಗ ನಡೆಸಲಾರರು ಅಂತ ಅದರಲ್ಲಿರೋ ಹಿರಿಯರೊಬ್ಬರ ಮಾತು. ನೋಡಿಕೊಳ್ಳಿ.”

ಹುದ್ದೆ ನನಗೆ ಬೇಕಾಗಿತ್ತು. ಅರ್ಹತೆಯೂ ಇತ್ತು.

೧

ಸಮಿತಿ ಬರುವ ಮುನ್ನ, ಮೊದಲ ಪಾಠ ಗ್ರೀಸಿನ ಸ್ಟೋಯಿಕ್ ತತ್ವಜ್ಞಾನಿಗಳದು. ಭಯವೆಂದರೆ ತಪ್ಪು ತೀರ್ಮಾನ, ಕೆಡುಕಲ್ಲದ್ದನ್ನು ಕೆಡುಕೆಂದು ಒಪ್ಪಿಬಿಡುವುದು ಎಂಬುದು ಅವರ ಮತ. “ವಿವೇಕಿ ಒಪ್ಪಿಗೆ ಕೊಡುವುದಿಲ್ಲ, ಆದ್ದರಿಂದ ಹೆದರುವುದಿಲ್ಲ” ಎನ್ನುತ್ತಿದ್ದಂತೆ ತೊಲೆಯಿಂದ ಹಲ್ಲಿಯೊಂದು ನನ್ನ ಭುಜದ ಮೇಲೆ ಬಿತ್ತು. ನನ್ನ ಕೂಗು ಪಕ್ಕದ ಗಣಿತದ ತರಗತಿಗೂ ಕೇಳಿಸಿತಂತೆ.

“ಈಗ ಒಪ್ಪಿಗೆ ಕೊಟ್ಟಿರಾ ಮಿಸ್?” ಎಂದಳು ಮುಂದಿನ ಬೆಂಚಿನವಳು.

ಹಿಂದಿನ ಬೆಂಚಿನವಳು ಆಗಲೇ ಚೀಲದಿಂದ ಪಂಚಾಂಗ ತೆಗೆದಿದ್ದಳು. “ಎಡಭುಜವೋ ಬಲಭುಜವೋ, ಸರಿಯಾಗಿ ಹೇಳಿ ಮಿಸ್. ಫಲ ಬೇರೆ ಬೇರೆ. ಹೆದರಬೇಕೋ ಬೇಡವೋ, ನೋಡಿ ಹೇಳ್ತೀನಿ.”

೨

ದುಃಖದಿಂದ ಅಳು ಹುಟ್ಟುವುದಿಲ್ಲ, ಅಳುವುದರಿಂದಲೇ ದುಃಖ ಹುಟ್ಟುತ್ತದೆ ಎಂದು ಅಮೆರಿಕದ ವಿದ್ವಾಂಸರೊಬ್ಬರ ವಾದ. ಮೈಲಾಪೂರಿನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಮುದುಕರೊಬ್ಬರು ತೀರಿಕೊಂಡಾಗ, ಕೂಲಿಗೆ ಹಾಡಿ ಅಳುವ ಒಪ್ಪಾರಿಯ ಹೆಂಗಸನ್ನು ಕರೆಸಿದ್ದರು. ಕೆಲಸ ಮುಗಿಸಿ ಆಕೆ ನಮ್ಮ ಜಗಲಿಯಲ್ಲಿ ನೀರು ಕುಡಿಯಲು ಕುಳಿತಳು. ಇಂಥ ಸಾಕ್ಷಿ ಮತ್ತೆ ಸಿಗದೆಂದು ಕೇಳಿದೆ.

“ಅತ್ತು ಅತ್ತು ನಿಜವಾದ ದುಃಖ ಬರುತ್ತದೆಯೇ?”

“ಬರುತ್ತಮ್ಮಾ. ನನ್ನ ಗಂಡ ನೆನಪಾದನೋ, ಆಮೇಲೆ ನಿಲ್ಲೋದೇ ಇಲ್ಲ.”

“ಅಯ್ಯೋ, ತೀರಿಕೊಂಡು ಎಷ್ಟು ದಿನವಾಯಿತು?”

“ಎಲ್ಲಿ ತೀರಿಕೊಂಡ? ಮನೇಲಿ ಗುಂಡುಕಲ್ಲಿನ ಹಾಗೆ ಕೂತಿದ್ದಾನೆ. ಅದಕ್ಕೇ ಅಳು!”

೩

ಸಮಿತಿ ಬಂದ ದಿನ ರಸಸಿದ್ಧಾಂತ. ನಾಟಕದ ದುಃಖದಲ್ಲಿ ನನ್ನದು, ನಿನ್ನದು ಎಂಬುದು ಕಳಚುತ್ತದೆ. ಆದ್ದರಿಂದಲೇ ಅದನ್ನು ಸವಿಯಬಹುದು. ಉದಾಹರಣೆಗೆ ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯನ್ನು ವರ್ಣಿಸಿದೆ: “ರೈಲು ಹೊರಟಿತು. ಅವರು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಓಡಿ, ‘ಉಪ್ಪಿನಕಾಯಿ ಜಾಡಿ ನೆಟ್ಟಗಿಡಮ್ಮಾ’ ಎಂದರು. ಹೇಳಬೇಕಾಗಿದ್ದದ್ದು ಬೇರೆ.”

ಕೊನೆಯ ಬೆಂಚಿನಿಂದ ಬಿಕ್ಕಿದ ಸದ್ದು. ಹೆಂಗಸರು ಅಳುತ್ತಾರೆ ಎಂದಿದ್ದ, ಜರಿಪೇಟದ ಆ ಹಿರಿಯರೇ! ಅಂಗವಸ್ತ್ರದಲ್ಲಿ ಮುಖ ಮುಚ್ಚಿಕೊಂಡು, “ಮೊನ್ನೆ ತಾನೇ... ನಮ್ಮ ಕಿರಿಯವಳು... ದೆಹಲಿಗೆ...” ಎಂದರು.

ಪಕ್ಕದ ಹುಡುಗಿ ಕರವಸ್ತ್ರ ಕೊಟ್ಟು ಮೆಲ್ಲಗೆ, “ಸಾರ್, ಸ್ವಂತ ಮಗಳಿಗಾಗಿ ಅತ್ತರೆ ಅದು ರಸ ಆಗೋದಿಲ್ಲ” ಎಂದಳು.

ನಾನು ಮಿಸುಕಲಿಲ್ಲ. ಅವರು ಸುಧಾರಿಸಿಕೊಳ್ಳುವವರೆಗೆ ಕಾದು ಪಾಠ ಮುಂದುವರಿಸಿದೆ. ಹುದ್ದೆ ನನ್ನದೇ ಎಂದುಕೊಂಡೆ.

ವಾರದ ನಂತರ ಪ್ರಿನ್ಸಿಪಾಲಮ್ಮ ಆ ಹಿರಿಯರು ಬರೆದ ವರದಿ ಓದಿದರು: “ಪಾಂಡಿತ್ಯ ನಿರ್ವಿವಾದ. ಆದರೆ ಹಿರಿಯರೊಬ್ಬರು ಎದುರಿಗೇ ಅಳುತ್ತಿದ್ದರೂ ಕಲಕದ ಮನಸ್ಸು ಹೆಣ್ಣಿಗೆ ಸಹಜವಲ್ಲ. ಸದ್ಯಕ್ಕೆ ವಿಭಾಗ ಒಪ್ಪಿಸಲಾಗದು.”

ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೀರು ಸೆರಗಿನವರೆಗೂ ಇಳಿಯಿತು.

ಪ್ರಿನ್ಸಿಪಾಲಮ್ಮ ಮೇಜು ಕುಟ್ಟಿದರು: “ಈ ಕಣ್ಣೀರನ್ನ ಅವತ್ತೇ ಹಾಕಬಾರದಿತ್ತೇನ್ರೀ?”

ಮುಂದಿನ ವರ್ಷ ಮತ್ತೆ ಹೆಸರು ಕೊಡುವುದೆಂದು ನಿರ್ಧರಿಸಿದೆ.